ಇಪ್ಪತ್ನಾಲ್ಕು ಗಂಟೆಗಳ ಲೆಕ್ಕ

ಕೆನಡಾದಲ್ಲಿ ಓದುವ ವಿದೇಶಿ ವಿದ್ಯಾರ್ಥಿಯು ತರಗತಿಗಳು ನಡೆಯುವ ಅವಧಿಯಲ್ಲಿ ಕಾಲೇಜಿನ ಆವರಣದ ಹೊರಗೆ ವಾರಕ್ಕೆ 24 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಇದು 2024ರ ನವೆಂಬರ್ 8ರಿಂದ ಜಾರಿಗೆ ಬಂದ ನಿಯಮ. ಈ ಒಂದು ವಾಕ್ಯದ ಮೇಲೆ ನಮ್ಮ ಸೀಮೆಯ ಅದೆಷ್ಟೋ ಅಡಿಕೆ ತೋಟಗಳ ಭವಿಷ್ಯ ನಿಂತಿದೆಯೆಂದರೆ ಓದುಗ ಮಿತ್ರರು ನಗಬಾರದು. ಮಗನನ್ನೋ ಮಗಳನ್ನೋ ಅಲ್ಲಿಗೆ ಕಳುಹಿಸಲು ತೋಟವನ್ನು ಅಡವಿಟ್ಟು ಸಾಲ ತೆಗೆಯಹೊರಟವರು ಆಗಾಗ ನನ್ನ ಬಳಿ ಬರುತ್ತಾರೆ. ಹೆಚ್ಚಿನವರು ನನ್ನ ಹಳೆಯ ವಿದ್ಯಾರ್ಥಿಗಳೇ. "ಪಾರ್ಟ್ ಟೈಮ್ ಮಾಡಿಕೊಂಡರೆ ಫೀಸು ಅಲ್ಲೇ ಹುಟ್ಟುತ್ತದಂತೆ ಮೇಷ್ಟ್ರೇ" ಎನ್ನುತ್ತಾರೆ. ಹಾಗೆಂದು ಅವರಿಗೆ ಹೇಳಿದವನು ಏಜೆಂಟ್.

ಗಣಿತ ಕಲಿಸಿದವನಾದ್ದರಿಂದ ನಾನು ಕಾಗದ ತೆಗೆದು ಲೆಕ್ಕ ಹಾಕಿಸುತ್ತೇನೆ. ಒಂಟಾರಿಯೋ ಪ್ರಾಂತದಲ್ಲಿ 2025ರ ಅಕ್ಟೋಬರ್ 1ರಂದು ನಿಗದಿಯಾದ ಕನಿಷ್ಠ ಕೂಲಿ ಗಂಟೆಗೆ 17.60 ಡಾಲರ್. 24 ಗಂಟೆಗೆ 422 ಡಾಲರ್ ಚಿಲ್ಲರೆ. ಓದಿನ 32 ವಾರ ಒಂದು ದಿನವೂ ತಪ್ಪದೆ ದುಡಿದರೆ 13,500 ಡಾಲರ್. ನಿಗದಿತ ರಜೆಯಲ್ಲಿ ಗಂಟೆಗಳ ಮಿತಿಯಿಲ್ಲ. ಆಗ 16 ವಾರ, ವಾರಕ್ಕೆ 40 ಗಂಟೆಯಂತೆ, ಇನ್ನು 11,000 ಚಿಲ್ಲರೆ. ಎರಡೂ ಸೇರಿ ಸುಮಾರು 24,800 ಡಾಲರ್. ಇದರಲ್ಲಿ ತೆರಿಗೆ ಮುಂತಾದ ಕಡಿತಗಳನ್ನು ಇನ್ನೂ ಕಳೆದಿಲ್ಲ. ಈಗ ಇನ್ನೊಂದು ಬದಿ ನೋಡೋಣ. ಶುಲ್ಕ ಮತ್ತು ಪ್ರಯಾಣವನ್ನು ಬಿಟ್ಟು, ಒಬ್ಬನ ಒಂದು ವರ್ಷದ ಜೀವನವೆಚ್ಚಕ್ಕೆಂದೇ 22,895 ಡಾಲರ್ ಇದೆಯೆಂದು ತೋರಿಸಬೇಕೆಂಬುದು ಅಲ್ಲಿನ ಸರ್ಕಾರ 2025ರ ಸೆಪ್ಟೆಂಬರಿನಿಂದ ಇಟ್ಟ ಷರತ್ತು. ಅಂದರೆ, ಜ್ವರ ಬಾರದೆ, ಪರೀಕ್ಷೆಗೆಂದು ಒಂದು ವಾರವೂ ಬಿಡುವು ಪಡೆಯದೆ, ಕೆಲಸ ಸಿಕ್ಕೇ ಸಿಕ್ಕಿತೆಂದು ಭಾವಿಸಿದರೂ, ದುಡಿಮೆಯು ಅನ್ನಕ್ಕೂ ಬಾಡಿಗೆಗೂ ಸರಿಹೋಯಿತು. ಪದವಿ ತರಗತಿಗಳ ಸರಾಸರಿ ಶುಲ್ಕ 2024-25ರಲ್ಲಿ ವಿದೇಶಿಯರಿಗೆ ಸುಮಾರು 40,000 ಡಾಲರ್. ಅದು ಹಾಗೆಯೇ ಬಾಕಿ. ಇಷ್ಟಕ್ಕೂ, ಅಲ್ಲಿ ದುಡಿಯದೆಯೇ ಓದಲು ಹಣವಿದೆಯೆಂದು ಅರ್ಜಿಯ ಹೊತ್ತಿಗೇ ರುಜುವಾತುಪಡಿಸಬೇಕೆಂದು ಆ ಸರ್ಕಾರ ಸ್ಪಷ್ಟವಾಗಿ ಹೇಳಿದೆ. ಏಜೆಂಟನು ಓದಿ ಹೇಳದ ಸಾಲು ಅದೇ.

ಹಾಗಾದರೆ ಮಿತಿಯೇ ತಪ್ಪೇ? ನಾನು ಹಾಗೆನ್ನಲಾರೆ. ರಾತ್ರಿಯೆಲ್ಲ ಉಗ್ರಾಣದಲ್ಲಿ ಪೆಟ್ಟಿಗೆ ಹೊತ್ತ ಹುಡುಗನು ಬೆಳಿಗ್ಗೆ ತರಗತಿಯಲ್ಲಿ ತೂಕಡಿಸದೆ ಇರಲಾರನು. ಆದರೆ ಆ ಮಿತಿಯನ್ನು ನಲ್ಲಿಯಂತೆ ತಿರುಗಿಸಿದ ಬಗೆ ನನಗೆ ಒಪ್ಪಿಗೆಯಿಲ್ಲ. 2014ರಿಂದ ವಾರಕ್ಕೆ 20 ಗಂಟೆಯಿತ್ತು. 2022ರಲ್ಲಿ ಅಂಗಡಿ, ಹೋಟೆಲು, ಉಗ್ರಾಣಗಳಿಗೆ ಆಳುಗಳ ಅಭಾವ ಬಂದಿತೆಂದು ನವೆಂಬರ್ 15ರಿಂದ ಮಿತಿಯನ್ನೇ ತೆಗೆದರು. ಆಗ ಓದಿನ ಚಿಂತೆ ಯಾರನ್ನೂ ಕಾಡಿದಂತೆ ಕಾಣಲಿಲ್ಲ. 2024ರ ಏಪ್ರಿಲ್ 30ಕ್ಕೆ ಸಡಿಲಿಕೆ ಮುಗಿಯಿತು. ವಿದ್ಯಾರ್ಥಿಗಳು ಬಂದಿರುವುದು ಓದುವುದಕ್ಕೆ ಎಂಬ ಮಾತು ಪುನಃ ಕೇಳಿಬಂದಿತು. ಆ ಒಂದೂವರೆ ವರ್ಷದ ದುಡಿಮೆಯನ್ನು ನಂಬಿ ಬಾಡಿಗೆಯ ಕರಾರು ಮಾಡಿಕೊಂಡವರ, ಊರಿನ ಸಾಲದ ಕಂತನ್ನು ಒಪ್ಪಿಕೊಂಡವರ ಗತಿಯನ್ನು ಕೇಳಿದವರಾರು?

ಒಂಟಾರಿಯೋ 2019ರಲ್ಲಿ ತನ್ನ ಮಕ್ಕಳ ಶುಲ್ಕವನ್ನು ಶೇಕಡ 10ರಷ್ಟು ಇಳಿಸಿ ಅಲ್ಲಿಗೇ ನಿಲ್ಲಿಸಿತು. ಸರ್ಕಾರದ ಅನುದಾನ ಸಾಲದ ಕಾಲೇಜುಗಳು ವಿದೇಶಿ ವಿದ್ಯಾರ್ಥಿಗಳ ಹಣದಿಂದ ಉಸಿರಾಡಿದವು. ಹೀಗೆ ಬೊಕ್ಕಸಕ್ಕೂ ಬೇಕಾದವನು, ಅಂಗಡಿಗೂ ಬೇಕಾದವನು, ನಿಯಮ ಮೀರಿದ ದಿನ ಮಾತ್ರ ಯಾರಿಗೂ ಬೇಡದವನಾಗುತ್ತಾನೆ. 2017ರಲ್ಲಿ ಅಲ್ಲಿ ಟ್ರಕ್ ಓಡಿಸುತ್ತಿದ್ದ ಪಂಜಾಬಿನ ವಿದ್ಯಾರ್ಥಿಯೊಬ್ಬನನ್ನು, ಹೆಚ್ಚು ಗಂಟೆ ದುಡಿದನೆಂಬ ಕಾರಣಕ್ಕೆ ಬಂಧಿಸಿ ಕೊನೆಗೆ ದೇಶ ಬಿಡಿಸಿದರು. ಅವನು ಕದ್ದಿರಲಿಲ್ಲ, ದುಡಿದಿದ್ದನು. ಈ ಭಯವಿರುವುದರಿಂದಲೇ ಮಿತಿ ಮೀರಿದವರು ಕೈಗೆ ನಗದು ಕೊಡುವ ಮಾಲೀಕರ ಬಳಿ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುತ್ತಾರೆ. ದೂರು ಕೊಟ್ಟರೆ ಮೊದಲು ಸಿಕ್ಕಿಬೀಳುವವರು ತಾವೇ ಎಂಬುದು ಅವರಿಗೂ ಗೊತ್ತು, ಮಾಲೀಕನಿಗೂ ಗೊತ್ತು.

ನಮ್ಮಲ್ಲಿ ಹಿಂದೆ ವಾರಾನ್ನದ ಪದ್ಧತಿಯಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಉಂಡು ಬಡ ಹುಡುಗರು ಓದಿದರು. ಅದರಲ್ಲಿ ಜಾತಿಯ ಕಟ್ಟು, ಹಂಗಿನ ನೋವು ಎರಡೂ ಇದ್ದವು. ಅದನ್ನು ಹೊಗಳಲು ಹೊರಟಿಲ್ಲ. ಆದರೆ ಉಣ್ಣಿಸಿದವರು ಆ ಹುಡುಗನಿಂದಲೇ ಐದು ಪಟ್ಟು ಶುಲ್ಕ ಕೇಳಲಿಲ್ಲ.

ಸ್ಥಳೀಯ ವಿದ್ಯಾರ್ಥಿಯ ಐದು ಪಟ್ಟು ಪಡೆಯುವ ದೇಶವು, ಒಬ್ಬನನ್ನು ಸೇರಿಸಿಕೊಂಡ ದಿನ ಇದ್ದ ದುಡಿಮೆಯ ನಿಯಮವನ್ನು ಅವನ ಓದು ಮುಗಿಯುವವರೆಗಾದರೂ ಉಳಿಸಬೇಕು. ಹೊಸ ನಿಯಮ ಹೊಸಬರಿಗಿರಲಿ. ಓದಿನ ನಂತರದ ಕೆಲಸದ ಪರವಾನಗಿಯ ವಿಷಯದಲ್ಲಿ ಒಂದಿಷ್ಟು ಹಾಗೆಯೇ ನಡೆದುಕೊಂಡಿದ್ದಾರೆ: ಪದವಿಯಲ್ಲದ ಡಿಪ್ಲೊಮಾ ಓದಿದವರಿಗೆ ನಿಗದಿತ ವಿಷಯಗಳಿದ್ದರೆ ಮಾತ್ರ ಆ ಪರವಾನಗಿ ಎಂಬ ಕಟ್ಟಳೆಯನ್ನು, 2024ರ ನವೆಂಬರ್ 1ರಿಂದೀಚೆಗೆ ಅಧ್ಯಯನಕ್ಕೆ ಅರ್ಜಿ ಹಾಕಿದವರಿಗಷ್ಟೇ ಅನ್ವಯಿಸಿದರು. ಅಲ್ಲಿ ಸಾಧ್ಯವಾದದ್ದು ಗಂಟೆಗಳ ವಿಷಯದಲ್ಲೇಕೆ ಸಾಧ್ಯವಿಲ್ಲ?

ಅಲ್ಲಿಯವರೆಗೆ ನನ್ನ ಬಳಿ ಬರುವ ತಂದೆಯರಿಗೆ ಎರಡನ್ನೇ ಕೇಳುತ್ತೇನೆ. ಮಗಳು ಒಂದು ಡಾಲರೂ ದುಡಿಯದಿದ್ದರೆ ಎರಡನೆಯ ವರ್ಷದ ಶುಲ್ಕ ಎಲ್ಲಿಂದ? ಅವಳು ಆರಿಸಿಕೊಂಡ ವಿಷಯವು ಆ ಪಟ್ಟಿಯಲ್ಲಿದೆಯೇ? ಇವಕ್ಕೆ ಉತ್ತರ ಸಿಗುವವರೆಗೆ ಪಹಣಿಯನ್ನು ಪೆಟ್ಟಿಗೆಯಿಂದ ತೆಗೆಯಬೇಡಿರೆಂದು ಹೇಳುತ್ತೇನೆ. ಕೆಲವರು ಕೇಳುತ್ತಾರೆ. ಕೆಲವರಿಗೆ ಬೇಸರವಾಗುತ್ತದೆ.