ಕಾಯೋನಿಗೆ ಕೂಲಿ ಇಲ್ಲದೆ ಕೆರೆ ಉಳಿಯಲ್ಲ

ಬೆಳೆ ಇಟ್ಟು ಕಾವಲು ಇಡದಿದ್ರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಕೆರೆ ಕಾಯೋ ಕಾನೂನುಗಳ ಕತೆಯೂ ಅದೇ ಆಗಿದೆ.

ಕಾನೂನಿಗೇನೂ ಬರ ಇಲ್ಲ. ಸರ್ಕಾರಿ ಜಾಗದ ಒತ್ತುವರಿ ತೆರವು ಮಾಡಿಸೋಕೆ 1964ರ ಭೂಕಂದಾಯ ಕಾಯ್ದೆ ಇದೆ. 2014ರಲ್ಲಿ ಕೆರೆ ಸಂರಕ್ಷಣೆಗೇ ಅಂತ ಬೇರೆ ಕಾಯ್ದೆ ಬಂತು. ಊರಿನ ಸಾಮೂಹಿಕ ಜಾಗದ ಒತ್ತುವರಿ ಬಿಡಿಸಲು ಯೋಜನೆ ಮಾಡಿ ಅಂತ 2011ರಲ್ಲಿ ಸುಪ್ರೀಂ ಕೋರ್ಟು ಎಲ್ಲಾ ರಾಜ್ಯಗಳಿಗೂ ಹೇಳಿದೆ.

ಆದರೆ ಇದನ್ನೆಲ್ಲ ಜಾರಿ ಮಾಡೋರು ಯಾರು? 40 ಹೆಕ್ಟೇರ್‌ವರೆಗೆ ಅಚ್ಚುಕಟ್ಟು ಇರೋ ಕೆರೆ ಪಂಚಾಯ್ತಿ ಕಡೆ, ಅದಕ್ಕಿಂತ ದೊಡ್ಡದು 2000 ಹೆಕ್ಟೇರ್‌ವರೆಗೆ ಸಣ್ಣ ನೀರಾವರಿ ಇಲಾಖೆ ಕಡೆ. ಗಡಿ ಅಳೆಯೋದು ಮಾತ್ರ ಸರ್ವೆಯರು. ಅವರ ಮುಂದೆ ನಮ್ಮದೇ ಪೋಡಿ, ಹದ್ದುಬಸ್ತು, 11ಇ ನಕ್ಷೆ ಅರ್ಜಿಗಳು. ಕೆರೆ ಪರವಾಗಿ ಅರ್ಜಿ ಹಾಕಿ ಬೆನ್ನು ಬೀಳೋರು ಯಾರಿದ್ದಾರೆ?

ಹಿಂದೆ ನೀರಗಂಟಿಗೆ ಇನಾಂ ಜಮೀನಿತ್ತು, ಸುಗ್ಗಿಯಲ್ಲಿ ಕಣದಿಂದ ಕಾಳು ಹೋಗ್ತಿತ್ತು. ತೂಬು, ಕೋಡಿ, ಕಾಲುವೆ ಮೇಲೆ ಅವನ ಕಣ್ಣಿರ್ತಿತ್ತು. ಕಾಯೋ ಕೆಲಸಕ್ಕೂ ಕೂಲಿ ಉಂಟು ಅಂತ ನಮ್ಮ ಹಿರಿಯರಿಗೆ ಗೊತ್ತಿತ್ತು.

ಈಗ ಹೂಳೆತ್ತೋಕೆ ದುಡ್ಡು ಬರುತ್ತೆ. ಆದರೆ ಗಡಿ ಗುರುತಿಸದೆ ಹೂಳೆತ್ತಿದರೆ, ಒತ್ತುವರಿಯಾದ ಅಂಗಳ ಬಿಟ್ಟು ಉಳಿದಷ್ಟೇ ಕೆರೆ ಅಂತ ನಾವೇ ಒಪ್ಪಿಕೊಂಡ ಹಾಗೆ. ನಮ್ಮ ಕೋಲಾರದ ಕಡೆ 2018ರಿಂದ ಕೆ.ಸಿ. ವ್ಯಾಲಿ ನೀರು ಕೆರೆಯಿಂದ ಕೆರೆಗೆ ಹರೀತಿದೆ. ಅಷ್ಟು ಖರ್ಚು ಮಾಡಿ ತಂದ ನೀರಾಗಲಿ, ಮಳೆ ನೀರಾಗಲಿ, ಮಧ್ಯೆ ರಾಜಕಾಲುವೆ ಮುಚ್ಚಿದ್ರೆ ಕೆಳಗಿನ ಕೆರೆಗೆ ಹೋಗೋದು ಹೇಗೆ?

ನನ್ನ ಮಾತು ಇಷ್ಟೇ. ಜಿಲ್ಲಾ ಪಂಚಾಯ್ತಿ ಕ್ರಿಯಾ ಯೋಜನೆಯಲ್ಲಿ ಪ್ರತಿ ವರ್ಷ ಕೆರೆ ಕಾಯೋಕೆ ಅಂತಲೇ ಬೇರೆ ಬಾಬ್ತು ಇರಲಿ: ಸರ್ವೆ, ಗಡಿ ಕಲ್ಲು, ಸುತ್ತ ಟ್ರೆಂಚು, ನೀರಗಂಟಿ ಸಂಬಳ. ತಾಲ್ಲೂಕಿಗೆ ಕೆರೆ ಕೆಲಸಕ್ಕೇ ಒಬ್ಬ ಸರ್ವೆಯರ್ ಇರಲಿ. ಮೊದಲು ಗಡಿ ಕಲ್ಲು, ಆಮೇಲೆ ಹೂಳು.

"ಅಂಗಳದಲ್ಲಿ ರಾಗಿ ಹಾಕಿರೋರು ನಮ್ಮೋರೇ ಅಲ್ವಾ, ಕಾನೂನು ಬಡವನ ಮೇಲೇ ಬೀಳುತ್ತೆ" ಅಂತೀರಿ. ಆ ಭಯ ಸುಳ್ಳಲ್ಲ. ಅದಕ್ಕೇ ಸರಿಯಾದ ಅಳತೆ ಬೇಕು ಅನ್ನೋದು. ಅಳತೆ ಇಲ್ಲದ ಕಡೆ ಜೆಸಿಬಿ ಅರ್ಧ ಎಕರೆಯವನ ಹೊಲಕ್ಕೆ ಹೋಗುತ್ತೆ, ಕಾಲುವೆ ಮುಚ್ಚಿ ಲೇಔಟ್ ಮಾಡಿದವನ ಗೇಟಿನ ಹತ್ತಿರ ನಿಂತುಬಿಡುತ್ತೆ. ನಕ್ಷೆ ಕೈಯಲ್ಲಿದ್ರೆ ಇಬ್ಬರಿಗೂ ಒಂದೇ ಸರಪಳಿ. ಮೊದಲು ರಾಜಕಾಲುವೆ ಬಿಡಿಸಲಿ. ಅಂಗಳದಲ್ಲಿ ಪೈರು ಇರೋರಿಗೆ ನೋಟಿಸ್ ಕೊಟ್ಟು, ಕಟಾವಿನವರೆಗೆ ಟೈಮು ಕೊಡಲಿ.

ಮುಂದಿನ ಗ್ರಾಮಸಭೆಗೆ ದಯವಿಟ್ಟು ಹೋಗಿ. ನಮ್ಮೂರ ಕೆರೆಯ ಸರ್ವೆ ನಂಬರ್ ಹೇಳಿ, ಗಡಿ ಅಳತೆಗೆ ಹಣ ಇಡಬೇಕು ಅಂತ ಕೇಳಿ. ಬಾಯಲ್ಲಿ ಆಗಲಿ ಅಂದ್ರೆ ಸಾಲದು, ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಎದ್ದು ಬನ್ನಿ.