ಮನೆವಾರ್ತೆ: ತಂತಿಯಿಲ್ಲದ ದೂರವಾಣಿ

ಕಳೆದ ಆಷಾಢದ ಒಂದು ರಾತ್ರಿ ನಮ್ಮ ಮನೆಯಲ್ಲಿ ನಡೆದ ಸಂಗತಿಯಿಂದಲೇ ಈ ತಿಂಗಳ ಮಾತನ್ನು ಆರಂಭಿಸುವೆನು. ಗಾಳಿಮಳೆಗೆ ಎಲ್ಲಿಯೋ ಮರ ಬಿದ್ದು ವಿದ್ಯುತ್ತು ನಿಂತಿತ್ತು. ವೃದ್ಧರಾದ ನಮ್ಮ ಮಾವನವರಿಗೆ ಇದ್ದಕ್ಕಿದ್ದ ಹಾಗೆ ಉಬ್ಬಸವೆದ್ದಿತು. ಮೊಬೈಲಿಗೆ ನಮ್ಮ ಮಲೆನಾಡ ಮೂಲೆಯಲ್ಲಿ ಮೊದಲೇ ಸಂಕೇತ ದುರ್ಲಭ. ವೈದ್ಯರಿಗೆ ತಿಳಿಸೋಣವೆಂದು ಕಾರ್ಡ್‌ಲೆಸ್ ದೂರವಾಣಿಯನ್ನು ಕೈಗೆತ್ತಿಕೊಂಡರೆ ಅದೂ ಮೂಕ! ಕಡೆಗೆ ನೆರೆಮನೆಯ ಹಳೆಯ ತಂತಿಯ ಯಂತ್ರದಿಂದ ಸುದ್ದಿ ಮುಟ್ಟಿತು. ದೇವರ ದಯೆಯಿಂದ ಮಾವನವರು ಚೇತರಿಸಿಕೊಂಡರು.

ಹಿಡಿಯಲ್ಲಿ ಬ್ಯಾಟರಿ ತುಂಬಿದ್ದರೂ ಅದು ಮೂಕವಾದುದೇಕೆ? ತಂತಿಗೆ ಸೇರಿರುವುದು ಪೀಠ ಮಾತ್ರ. ಅದು ರೇಡಿಯೋ ಅಲೆಗಳ ಮೂಲಕ ಹಿಡಿಯೊಡನೆ ಮಾತನಾಡುವುದು; ಅದಕ್ಕೆ ಮನೆಯ ವಿದ್ಯುತ್ತೇ ಆಧಾರ. ತಾಮ್ರದ ತಂತಿಯ ಸಾದಾ ಯಂತ್ರಕ್ಕಾದರೋ ವಿನಿಮಯ ಕೇಂದ್ರದಿಂದಲೇ ಸುಮಾರು 48 ವೋಲ್ಟಿನ ಶಕ್ತಿ ಬರುವುದು. ಆದುದರಿಂದ ಸ್ಥಿರ ದೂರವಾಣಿಯುಳ್ಳವರು ಅಂಥ ಸಾದಾ ಯಂತ್ರವೊಂದನ್ನು ಮನೆಯಲ್ಲಿಟ್ಟಿರುವುದು ಒಳಿತು. ಗಾಜಿನೆಳೆಯ ಸಂಪರ್ಕವಾದರೆ ಅದರ ಪೆಟ್ಟಿಗೆಗೂ ವಿದ್ಯುತ್ತು ಬೇಕು. ಆ ಮನೆಗಳಲ್ಲಿ ಪೆಟ್ಟಿಗೆಯನ್ನೂ ಪೀಠವನ್ನೂ ಯು.ಪಿ.ಎಸ್.ಗೆ ಸೇರಿಸತಕ್ಕದ್ದು. ಗುಡುಗು ಸಿಡಿಲಿನ ಹೊತ್ತಿನಲ್ಲಿ ಮಾತ್ರ ಸಾದಾ ಯಂತ್ರವನ್ನು ಮುಟ್ಟಕೂಡದು. ಸಿಡಿಲಿನ ಶಕ್ತಿ ತಂತಿಯಲ್ಲಿ ಹರಿದು ಬರಬಹುದು. ಆಗ ಪೀಠದಿಂದ ದೂರ ನಿಂತು ಕಾರ್ಡ್‌ಲೆಸ್ ಹಿಡಿಯಲ್ಲಿ ಮಾತನಾಡುವುದೇ ಕ್ಷೇಮ.

ಇನ್ನು ಬ್ಯಾಟರಿಯ ವಿಚಾರ. ಹಿಡಿಯೊಳಗೆ ಸಾಮಾನ್ಯವಾಗಿ 1.2 ವೋಲ್ಟಿನ ಎರಡು ಅಥವಾ ಮೂರು ಸಣ್ಣ ಸೆಲ್ಲುಗಳಿರುವುವು. ಈಚಿನವುಗಳಲ್ಲಿ ಬಹುಮಟ್ಟಿಗೆ ನಿಕ್ಕಲ್–ಮೆಟಲ್ ಹೈಡ್ರೈಡ್, ಹಳೆಯವುಗಳಲ್ಲಿ ನಿಕ್ಕಲ್–ಕ್ಯಾಡ್ಮಿಯಮ್. ಗಾತ್ರದಲ್ಲಿ ಇವನ್ನೇ ಹೋಲುವ ಸಾಧಾರಣ ಸೆಲ್ಲು ಅಂಗಡಿಯಲ್ಲಿ ಅಗ್ಗವಾಗಿ ಸಿಕ್ಕುವುದು. ನಮ್ಮ ಹುಡುಗ ಅದನ್ನೇ ತಂದು ತುಂಬಿಸಿದ್ದ. ಪೀಠವು ತನಗೇನೂ ತಿಳಿಯದೆ ಅದಕ್ಕೂ ವಿದ್ಯುತ್ತನ್ನು ಊಡುವುದು. ಸಾಧಾರಣ ಸೆಲ್ಲು ಅದನ್ನು ಅರಗಿಸಿಕೊಳ್ಳಲಾರದೆ ಕಾಯುವುದು, ಸೋರುವುದು, ಒಮ್ಮೊಮ್ಮೆ ಒಡೆಯುವುದು. ನಮ್ಮಲ್ಲಿ ಸೋರಿತಷ್ಟೆ. ಆ ರಸವು ಚರ್ಮವನ್ನು ಸುಡಬಲ್ಲುದು. ಕೈಗೆ ತಾಗಿದರೆ ಧಾರಾಳವಾಗಿ ನೀರು ಹಾಕಿ ತೊಳೆಯಬೇಕು, ಕಣ್ಣಿಗೆ ತಾಗಿದರೆ ತೊಳೆಯುತ್ತಲೇ ವೈದ್ಯರಲ್ಲಿಗೆ ಹೊರಡಬೇಕು. ಕೊಳ್ಳುವಾಗ ‘ರೀಚಾರ್ಜಬಲ್’ ಎಂಬ ಅಕ್ಷರಗಳನ್ನು ನೋಡಿ, ಎಲ್ಲವನ್ನೂ ಒಂದೇ ಸಲ ಬದಲಾಯಿಸಿರಿ. ಹಳೆಯದರೊಡನೆ ಹೊಸದನ್ನು ಬೆರೆಸಬೇಡಿರಿ.

ಸತ್ತ ಸೆಲ್ಲನ್ನು ನಾವು ಏನು ಮಾಡುತ್ತೇವೆ? ನಾಚಿಕೆಯಿಂದಲೇ ಹೇಳುವೆನು: ನಮ್ಮಲ್ಲಿ ಕಸದೊಡನೆ ಅದೂ ಬಚ್ಚಲೊಲೆಗೆ ಬೀಳುತ್ತಿತ್ತು. ಬೆಂಕಿಯಲ್ಲಿ ಸೆಲ್ಲು ಸಿಡಿಯುವುದೆಂಬ ಭಯ ಒಂದು ಕಡೆ. ಆ ಬೂದಿಯನ್ನೇ ಪಾತ್ರೆ ಬೆಳಗಲು ತೆಗೆದು, ಉಳಿದುದನ್ನು ಬಸಳೆಯ ಬುಡಕ್ಕೆ ಸುರಿಯುತ್ತಿದ್ದೆವಲ್ಲ! ಕ್ಯಾಡ್ಮಿಯಮ್ ಎಂಬುದು ಮೂತ್ರಪಿಂಡವನ್ನೂ ಎಲುಬನ್ನೂ ಕೆಡಿಸುವ ಲೋಹ. ಜಪಾನಿನ ತೊಯಾಮ ಪ್ರಾಂತದಲ್ಲಿ ಗಣಿಯ ಕೊಳೆ ಜಿಂಜು ನದಿಗೆ ಸೇರಿ, ಗದ್ದೆಗೆ ಹರಿದು, ಅಕ್ಕಿಯೊಳಗೆ ಹೊಕ್ಕಿತು. ಹೆಚ್ಚಾಗಿ ನೊಂದವರು ವಯಸ್ಸಾದ ತಾಯಂದಿರು. ಅವರ ಎಲುಬುಗಳು ತಾವಾಗಿಯೇ ಮುರಿಯುತ್ತಿದ್ದುವು. ನರಳಾಟದಿಂದಲೇ ಆ ರೋಗಕ್ಕೆ ‘ಇತಾಯಿ–ಇತಾಯಿ’, ಎಂದರೆ ‘ನೋವು, ನೋವು’, ಎಂಬ ಹೆಸರು ಬಂದಿತು. 1968ರಲ್ಲಿ ಅಲ್ಲಿಯ ಸರಕಾರ ಕಾರಣವನ್ನು ಒಪ್ಪಿಕೊಂಡಿತು. ಅದು ಗಣಿಯ ಕೊಳೆ, ನಮ್ಮದು ಒಂದೆರಡು ಸೆಲ್ಲು, ನಿಜ. ಆದರೆ ಅನ್ನ ಉಣ್ಣುವವರು ನಾವೂ ಹೌದು.

ನಮ್ಮ ದೇಶದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಸಂಸ್ಕರಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಮನೆಯ ಕಸದಲ್ಲಿ ಬೆರೆಸದೆ ಬೇರೆಯಾಗಿ ಒಪ್ಪಿಸುವುದು ನಮ್ಮ ಪಾಲಿನ ಕೆಲಸ. ಮಾರಿದ ಅಂಗಡಿ, ತಯಾರಕರ ಸೇವಾಕೇಂದ್ರ, ಇ–ತ್ಯಾಜ್ಯ ಸಂಗ್ರಹಕಾರರು, ಇವರಲ್ಲಿ ಯಾರು ತೆಗೆದುಕೊಳ್ಳುವರೆಂದು ವಿಚಾರಿಸಿರಿ. ಯಂತ್ರವೇ ಕೆಟ್ಟರೆ ಅದೂ ಇ–ತ್ಯಾಜ್ಯವೇ. ಸಂಸ್ಕರಣೆಯಲ್ಲಿ ಹೊರಬರುವ ನಿಕ್ಕಲ್ ಲೋಹವು ತುಕ್ಕುಹಿಡಿಯದ ಉಕ್ಕಿಗೆ ಸೇರುವುದುಂಟು. ನಾವು ಎಸೆದ ಸೆಲ್ಲಿನ ಅಂಶ ಎಂದೋ ಒಂದು ದಿನ ಸ್ಟೀಲಿನ ತಪ್ಪಲೆಯಾಗಿ ಅಡಿಗೆಮನೆಗೆ ಮರಳಬಹುದು.

ಒಪ್ಪಿಸುವವರೆಗೆ ಸೆಲ್ಲುಗಳ ತುದಿಗಳಿಗೆ ಅಂಟುಪಟ್ಟಿ ಸುತ್ತಿಡಿರಿ. ಇಲ್ಲವಾದರೆ ಒಂದಕ್ಕೊಂದು ತಾಗಿ ಕಾದಾವು. ನಮ್ಮಲ್ಲಿ ಉಪ್ಪಿನಕಾಯಿಯ ಹಳೆಯ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಚೆನ್ನಾಗಿ ಒಣಗಿಸಿ, ಹುಡುಗರ ಕೈಗೆಟುಕದ ಗೂಡಿನಲ್ಲಿ ಇಟ್ಟಿದ್ದೇವೆ. ಈಗ ಅದರಲ್ಲಿ ಹನ್ನೊಂದು ಸೆಲ್ಲುಗಳಿವೆ. ಶಿವಮೊಗ್ಗೆಯ ಅಂಗಡಿಯವರೊಬ್ಬರು ತೆಗೆದುಕೊಳ್ಳಲು ಒಪ್ಪಿದ್ದಾರೆ. ಮುಂದಿನ ವಾರ ಮಾವನವರನ್ನು ವೈದ್ಯರಲ್ಲಿಗೆ ಕರೆದೊಯ್ಯುವಾಗ ಡಬ್ಬಿಯೂ ಹೊರಡುವುದು.