ಹೇಳಲಾಗದ ಬೇನೆಗೆ ಒಂದು ಅಳತೆಗೋಲು

ಗಂಡಸರ ಕೆಲವು ಬೇನೆಗಳು ಮನೆಯಲ್ಲಿ ಹೆಸರಿಲ್ಲದೆಯೇ ಬಾಳುತ್ತವೆ. ಇಂಥ ವಿಷಯವನ್ನು ಕುಟುಂಬದ ಪತ್ರಿಕೆಯಲ್ಲಿ ಎತ್ತಬಹುದೇ ಎಂದು ನಾವೂ ಕೆಲಕಾಲ ಹಿಂದೆಮುಂದೆ ನೋಡಿದೆವು. ರಾಮದುರ್ಗದ ಕಡೆಯಿಂದ ಕಿತ್ತೂರಿನ ನಮ್ಮ ಮನೆಗೆ ಬಂದ ಹಳೆಯ ಶಿಷ್ಯನೊಬ್ಬನ ಸ್ಥಿತಿಯನ್ನು ಕಂಡ ಮೇಲೆ ಆ ಸಂಕೋಚವನ್ನು ಬಿಟ್ಟಿರುವೆವು.

ಅವನು ನೇಕಾರ. ಕುಣಿಮಗ್ಗದಲ್ಲಿ ಕುಳಿತು ಅರ್ಧ ತಾಸಾಗುವದರೊಳಗೆ ಕೆಳಗೆ ಕೆಂಡವಿಟ್ಟಂತಾಗುವದು. ಸವದತ್ತಿಯ ಎಲ್ಲಮ್ಮನ ಜಾತ್ರೆಗೆ ಹೋಗುವದನ್ನು ಬಿಟ್ಟು ಎರಡು ವರುಷವಾಗಿತ್ತು. ಬೈಲಹೊಂಗಲದ ಬಸ್ಸು ಹತ್ತುವ ಮೊದಲು ನಡುವೆ ಎಲ್ಲೆಲ್ಲಿ ಇಳಿಯಬಹುದೆಂಬುದನ್ನೇ ಎಣಿಸುವನು. ವೈದ್ಯರೆದುರಿಗೆ ಮಾತ್ರ "ಸ್ವಲ್ಪ ಉರಿ" ಎಂದಷ್ಟೇ ಹೇಳಿ, ಕೊಟ್ಟ ಗುಳಿಗೆಗಳನ್ನು ನುಂಗುತ್ತ ಬಂದನು. ಗಂಡನಿಗೆ ಸಂಸಾರದಲ್ಲಿ ಬೇಸರ ಹುಟ್ಟಿತೆಂದು ತಿಳಿದು ಹೆಂಡತಿಯು ಅತ್ತಳಂತೆ.

ಮೂತ್ರಾಶಯದ ಕೆಳಗೆ ಮೂತ್ರನಾಳವನ್ನು ಸುತ್ತಿಕೊಂಡಿರುವ ಪ್ರಾಸ್ಟೇಟ್ ಗ್ರಂಥಿಯ ದೀರ್ಘಕಾಲದ ಬೇನೆಯಿದು. ಸುಶ್ರುತನ ಉತ್ತರತಂತ್ರದಲ್ಲಿ ಬರುವ ವಾತಾಷ್ಠೀಲಾ ಇದೇ ಎನ್ನುವವರುಂಟು, ನಮಗೆ ಒಪ್ಪಿಗೆಯಿಲ್ಲ. ಅಷ್ಠೀಲಾ ಎಂದರೆ ಗುಂಡುಕಲ್ಲು. ಕಲ್ಲಿನಂಥ ಗಂಟು ಮೂತ್ರವನ್ನು ತಡೆಯುವ ಆ ವ್ಯಾಧಿಯು ಮುದುಕರ ಗ್ರಂಥಿವೃದ್ಧಿಗೆ ಹತ್ತಿರ. ಈ ಬೇನೆಯಾದರೋ ಐವತ್ತರೊಳಗಿನವರನ್ನೂ ಬಿಡದು. ಬಹುಮಂದಿಯ ಮೂತ್ರದಲ್ಲಿ ರೋಗಾಣುಗಳೇ ಸಿಗಲಾರವು. ಯಾವ ಪರೀಕ್ಷೆಯಿಂದಲೂ ನೋವಿನ ತೂಕ ತಿಳಿಯದು, ರೋಗಿಯನ್ನೇ ಕೇಳಬೇಕು.

ಅದಕ್ಕಾಗಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಆಶ್ರಯದಲ್ಲಿ 1999ರಲ್ಲಿ ಒಂದು ಪ್ರಶ್ನಾವಳಿಯು ಪ್ರಕಟವಾಯಿತು. ಪ್ರಶ್ನೆಗಳು 9, ಕಳೆದ ಒಂದು ವಾರವನ್ನು ನೆನೆದು ಉತ್ತರಿಸಬೇಕು. ನೋವಿಗೆ 21, ಮೂತ್ರದ ತೊಂದರೆಗೆ 10, ಬಾಳುವೆಯ ನೆಮ್ಮದಿಗೆ 12, ಒಟ್ಟು 43 ಅಂಕ. ಅಂಕ ಹೆಚ್ಚಿದಷ್ಟೂ ಬೇನೆ ಹೆಚ್ಚು. ನಮ್ಮ ಶಾಲೆಯ ಲೆಕ್ಕಕ್ಕೆ ತಿರುಗುಮುರುಗು! ನೋವು ಎಲ್ಲಿ, ಎಷ್ಟು ಸಲ, ರೇತಸ್ಖಲನದಲ್ಲಿ ನೋಯುವದೇ, ಮೂತ್ರವು ಪೂರ್ಣ ಹೋಗದೆ ಉಳಿದಂತೆನಿಸುವದೇ, ಎರಡು ತಾಸಿನೊಳಗೆ ಮತ್ತೆ ಹೋಗಬೇಕಾಗುವದೇ, ದಿನದ ಕೆಲಸಕ್ಕೆ ಅಡ್ಡಿಯೇ. ಕಡೆಯ ಪ್ರಶ್ನೆ: ಉಳಿದ ಆಯುಷ್ಯವನ್ನೆಲ್ಲ ಇದೇ ಸ್ಥಿತಿಯಲ್ಲಿ ಕಳೆಯಬೇಕಾದರೆ ಹೇಗೆನಿಸುವದು? ನಮ್ಮ ಶಿಷ್ಯನು ಇದಕ್ಕೆ ಉತ್ತರ ಬರೆಯಲಾರದೆ ಬಹಳ ಹೊತ್ತು ಕುಳಿತನು.

ಇದು ಬೇನೆಯನ್ನು ಅಳೆಯುವ ಕೋಲೇ ಹೊರತು ರೋಗವನ್ನು ನಿರ್ಣಯಿಸುವ ಸಾಧನವಲ್ಲ. ಚಳಿಜ್ವರದೊಡನೆ ಮೂತ್ರ ಕಟ್ಟಿದರೆ ಪ್ರಶ್ನಾವಳಿಯನ್ನು ಬದಿಗಿಟ್ಟು ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು.

ಅವನ ಮೊತ್ತ 29 ಬಂದಿತು. ಬೆಳಗಾವಿಯ ಮೂತ್ರರೋಗ ತಜ್ಞರೊಬ್ಬರು ಮೂತ್ರದಲ್ಲಿ ರೋಗಾಣುಗಳಿಲ್ಲದ್ದನ್ನು ಕಂಡು, ಹಳೆಯ ಗುಳಿಗೆಗಳನ್ನು ನಿಲ್ಲಿಸಿ, ಬೇರೆ ಔಷಧದೊಡನೆ ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಸಡಿಲಿಸುವ ವ್ಯಾಯಾಮವನ್ನು ಕಲಿಸಿದರು. ಮೂರು ತಿಂಗಳಿಗೆ 21. ಆರು ಅಂಕ ಇಳಿದರೆ ಗುಣ ಕಂಡಿತೆಂದು ವೈದ್ಯರು ಎಣಿಸುವರು. ಕುಳಿತರೆ ನೋವು ಈಗಲೂ ಉಂಟು. ಆದರೆ ಈ ಸಲ ಎರಡೂ ಕಾಗದಗಳನ್ನು ಹೆಂಡತಿಯ ಕೈಗೆ ಕೊಟ್ಟು ಓದಿಸಿದನಂತೆ.